ಅಕ್ಕನ ದನಿ ಮತ್ತು ಶಹಾಬಾದಿನ ಪರ್ಸಿ

“ಇದು ನನ್ನ ಮಗಳ ದನಿ ಅಲ್ಲ,” ಅಂದಳು ಅವ್ವ. “ಯಾರೋ ಬಾವ್ಯಾಗ ಬಿದ್ದು ಒದರಲಿಕತ್ತಾರ. ಬಂದ್ ಮಾಡು.”

ನಾನು ಬಂದ್ ಮಾಡಿದೆ. ಹಚ್ಚಿದ್ದು ಅಕ್ಕ ಹಾಡಿದ ವಚನಗಳ ಸಿಡಿ. ಅಕ್ಕ ತೀರಿಕೊಂಡ ಮೇಲೆ ಅದನ್ನು ಅವ್ವನ ಮುಂದೆ ಹಚ್ಚುವ ಧೈರ್ಯ ನನಗೆ ಬಂದದ್ದೇ ಅವತ್ತು ಮೊದಲ ಸಲ. ಅವ್ವ ಅಳುತ್ತಾಳೆ, ಸಮಾಧಾನ ಮಾಡಬೇಕು ಅಂತ ಸೆರಗು ಕೂಡ ಸಿಗಿಸಿಕೊಂಡು ಕೂತಿದ್ದೆ. ಅಳುವುದು ಹೋಗಲಿ, ಅವ್ವ ಮುಖ ಸಿಂಡರಿಸಿ, ಎದ್ದು ಅಡುಗೆಮನೆಗೆ ಹೋಗಿ ಪುಂಡಿಪಲ್ಯೆಯ ಸೊಪ್ಪು ಬಿಡಿಸತೊಡಗಿದಳು.

ಅಕ್ಕ ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಶಾಲೆ ಟೀಚರ್. ಮಕ್ಕಳಿಗೆ ಕಲಿಸುವುದು ಗಣಿತ, ಆದರೆ ಊರಿನವರಿಗೆ ಗೊತ್ತಿದ್ದದ್ದು ಅವಳ ಹಾಡು. ಯಾರ ಮನೆಯಲ್ಲಿ ಏನೇ ಕಾರ್ಯ ಇದ್ದರೂ “ಟೀಚರ್ ಬಾಯಿ ಬರಬೇಕ್ರಿ” ಅನ್ನುವವರು. ಎಲ್ಲರೂ ಗಂಟು ಬಿದ್ದ ಮೇಲೆ ಸೇಡಂನ ಒಂದು ಸಣ್ಣ ಸ್ಟುಡಿಯೋದಲ್ಲಿ ಹಾಡಿ ಸಿಡಿ ಮಾಡಿಸಿದಳು. “ಈಗ ಸಿಡಿ ಯಾರು ಕೇಳ್ತಾರ?” ಅಂತ ಸ್ಟುಡಿಯೋದವನೇ ನಕ್ಕಿದ್ದ. ಅಕ್ಕ ಬಿಡಲಿಲ್ಲ. ಕೈಯಲ್ಲಿ ಹಿಡಿಯಲು ಏನಾದರೂ ಬೇಕು ಅಂದಳು. ನಾನೂ ಜೊತೆಗೆ ಹೋಗಿದ್ದೆ. ಗಾಜಿನ ಆಚೆ ಅಕ್ಕ ಹಾಡುತ್ತಿದ್ದಳು, ಈಚೆ ನಾನು ಚಹಾ ಕುಡಿಯುತ್ತ ಅವಳ ಬಾಯಿ ಆಡುವುದನ್ನು ನೋಡುತ್ತಿದ್ದೆ. ಅದಾಗಿ ವರ್ಷ ತುಂಬುವ ಮೊದಲೇ ಎದೆಯ ಕಾಯಿಲೆ ಅವಳನ್ನು ಒಯ್ದುಬಿಟ್ಟಿತು. ಕಾಯಿಲೆ ಇದೆ ಅನ್ನುವುದನ್ನು ಕೊನೆಯ ತನಕ ಯಾರಿಗೂ ಹೇಳಿರಲಿಲ್ಲ.

ಈಗ ಅವ್ವನಿಗೆ ಉಳಿದದ್ದು ಆ ಒಂದು ತಟ್ಟೆ. ಅದನ್ನೂ ಅವಳು ಒಲ್ಲೆ ಅಂದರೆ?

ಅವ್ವನ ಕಿವಿ ಮಂದ ಅಂದುಕೊಳ್ಳಬೇಡಿ. ಎರಡು ಓಣಿ ಆಚೆ ಸೊಪ್ಪಿನವಳು ಕೂಗಿದರೆ ಅವ್ವ ಒಳಗಿನಿಂದಲೇ “ಇವತ್ತ ಮೆಂತ್ಯ ತಂದಿಲ್ಲ ನೋಡು” ಅನ್ನುತ್ತಾಳೆ. ನನ್ನ ಕಿವಿಯೇನು ಕಮ್ಮಿಯೇ? ಚಿತ್ತಾಪುರದ ಕೋರ್ಟಿನಲ್ಲಿ ನಾನು ಸ್ಟೆನೋ. ಸಾಕ್ಷಿ ಗೊಣಗಲಿ, ವಕೀಲರು ಕೆಮ್ಮಲಿ, ಸಾಹೇಬರು ಫೈಲಿನೊಳಗೆ ಮುಖ ಇಟ್ಟುಕೊಂಡೇ ಹೇಳಲಿ, ಕಿವಿಗೆ ಬಿದ್ದದ್ದು ನನ್ನ ಬೆರಳಿಗೆ ಬರಲೇಬೇಕು. ಅಂಥವಳಿಗೂ ಅವತ್ತು ಅಕ್ಕನ ಹಾಡಿನಲ್ಲಿ ಅರ್ಧ ಮಾತು ತಿಳಿದಿರಲಿಲ್ಲ. ಒಂದು ಪದ ಮುಗಿಯುವ ಮೊದಲೇ ಅದರ ಬಾಲ ಇನ್ನೊಂದರ ಮೇಲೆ ಏರಿ ಕೂರುತ್ತಿತ್ತು. ಅವ್ವ ಹೇಳಿದ್ದು ನಿಜವೇ. ನಿಜ ಅಂತಲೇ ನನಗೆ ಸಿಟ್ಟು ಬಂತು.

ಅವ್ವನಿಗೆ ಅವಳ ಮಗಳ ದನಿ ಕೇಳಿಸಿಯೇ ತೀರುತ್ತೇನೆ ಅಂತ ಅವತ್ತೇ ಹಟ ಹಿಡಿದೆ. ನಾನು ಹಟ ಹಿಡಿದರೆ ಏನಾಗುತ್ತದೆ ಅಂತ ನಮ್ಮ ಮನೆಯವರನ್ನು ಕೇಳಬೇಕು.

ನಮ್ಮ ಮನೆಯವರದು ಶಹಾಬಾದಿನಲ್ಲಿ ಕಲ್ಲಿನ ಪಾಲಿಶ್ ಕೆಲಸ. ಗಣಿಯಿಂದ ಬಂದ ಪರ್ಸಿ ಕಲ್ಲನ್ನು ಅವರ ಮಷಿನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತದೆ. ಊರಿಗೆಲ್ಲ ನೆಲ ಹಾಸುವವರು ಸ್ವಂತ ಮನೆಗೆ ಬಿಡುತ್ತಾರೆಯೇ? ಚಿತ್ತಾಪುರದ ನಮ್ಮ ಮನೆಯ ಪಡಸಾಲೆಯ ನೆಲ ಪರ್ಸಿ, ಗೋಡೆಗೆ ಎದೆಯೆತ್ತರ ಪರ್ಸಿ, ಸಾಮಾನು ಇಡುವ ಹಲಗೆ ಪರ್ಸಿ, ಕೂರುವ ಕಟ್ಟೆ ಪರ್ಸಿ. ಒಮ್ಮೆ ನಾನು “ತಲಿದಿಂಬೂ ಪರ್ಸಿದೇ ಮಾಡಿಸ್ರಿ” ಅಂದಿದ್ದೆ. ಅವರು ನಗಲಿಲ್ಲ. ಆ ನೆಲದ ಮೇಲೆ ಚಾಪೆ ಹಾಸಿದರೂ ಮೆಲ್ಲಗೆ ಸುತ್ತಿ ಮೂಲೆಗೆ ಇಡುವವರು. ಹಾಡಿನ ಹುಚ್ಚೂ ಅವರಿಗಿತ್ತು ಅನ್ನಿ. ನಮ್ಮ ಮದುವೆಯ ಹೊಸತರಲ್ಲಿ ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಮರದ ಸ್ಪೀಕರ್ ತಂದಿದ್ದರು. ಆಮೇಲೆ ಒಂದು ಸಿಡಿ ಪ್ಲೇಯರ್ ಬಂತು. ಅದರ ಬಾಗಿಲು ಈಗ ಗುದ್ದಿದರೆ ಮಾತ್ರ ತೆರೆಯುತ್ತಿತ್ತು.

“ಆ ಪ್ಲೇಯರ್ ಮುದುಕ ಆಗ್ಯದ. ತಪ್ಪೆಲ್ಲ ಅದರದೇ,” ಅಂದರು ಅವರು.

ನನಗೂ ಹಾಗೇ ಅನಿಸಿತು. ತಟ್ಟೆ ಓದುವುದು ಅದೇ ತಾನೇ? ಓದುವವನ ಕಣ್ಣು ಮಂಜಾದರೆ ಅಕ್ಷರ ಮಂಜಾಗುವುದಿಲ್ಲವೇ? ನಡುವೆ ಯಾರೋ ಮೊಬೈಲಿಗೆ ಹಾಕಿಕೊಳ್ಳಿ ಅಂದರು. ಅದನ್ನೂ ಮಾಡಿದೆ. ಅವ್ವ ಮೊಬೈಲನ್ನು ಕಿವಿಗೆ ಹಿಡಿದು, “ಇರುವಿ ಹಾಡಿದಂಗ ಆಗ್ಲಿಕತ್ತದ,” ಅಂತ ವಾಪಸ್ ಕೊಟ್ಟಳು.

ಹೊಸ ಸಿಡಿ ಪ್ಲೇಯರ್ ಕೇಳಿಕೊಂಡು ಅಂಗಡಿಗೆ ಹೋದರೆ ಜನ ನನ್ನನ್ನು ಮೇಲೆ ಕೆಳಗೆ ನೋಡುತ್ತಿದ್ದರು. ಶಹಾಬಾದಿನ ಅಂಗಡಿಯವನಂತೂ “ಅಕ್ಕಾರ, ಅದರ ಬದಲಿ ಮಿಕ್ಸರ್ ಒಯ್ರಿ, ಆಫರ್ ಅದ,” ಅಂದ. ಕಡೆಗೆ ವಾಡಿಯಲ್ಲಿ ದಾರಿ ಸಿಕ್ಕಿತು. ಅಲ್ಲಿನ ಸಿಮೆಂಟ್ ಕಾಲೊನಿಯಲ್ಲಿ ಅಧಿಕಾರಿಗಳಿಗೆ ಬದಲಿ ಆದಾಗಲೆಲ್ಲ ಅರ್ಧ ಸಂಸಾರವನ್ನು ಮಾರಿ ಹೋಗುತ್ತಾರೆ. ಸೋಫಾ, ಕೂಲರ್, ಹೂವಿನ ಕುಂಡ ಎಲ್ಲ. ಹಾಗೆ ಹೊರಟಿದ್ದ ಒಬ್ಬ ಸಾಹೇಬರ ಮನೆಯಲ್ಲಿ ಒಳ್ಳೆಯ ಸಿಡಿ ಪ್ಲೇಯರ್ ಇದೆ ಅಂತ ಗೊತ್ತಾಗಿ ರಜೆ ಹಾಕಿ ಹೋದೆ. ಕಪ್ಪು ಬಣ್ಣ, ಎತ್ತಿದರೆ ರುಬ್ಬುವ ಕಲ್ಲಿನ ತೂಕ. ಗುಂಡಿ ಒತ್ತಿದರೆ ಬಾಗಿಲು ಬೆಣ್ಣೆಯಂತೆ ಹೊರಗೆ ಬಂತು. ಸಾಹೇಬರು ಅದನ್ನು ಹಳೆಯ ಸೀರೆಯಲ್ಲಿ ಕೂಸನ್ನು ಸುತ್ತಿದ ಹಾಗೆ ಸುತ್ತಿಕೊಟ್ಟು, “ಇದು ಬಂದರೆ ಬೇರೇನೂ ಬೇಕಾಗಲ್ಲ ಮೇಡಂ,” ಅಂದರು. ನಾನು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಚಿತ್ತಾಪುರಕ್ಕೆ ಬಂದೆ. ಇಳಿಯುವಾಗ ಕಾಲು ಜೋಮು ಹಿಡಿದಿತ್ತು.

ಆಗ ಶ್ರಾವಣ. ಅವ್ವ ಪಂಚಮಿಗೆಂದು ಆಡಕಿಗೆ, ನನ್ನ ತಮ್ಮನ ಮನೆಗೆ ಹೋಗಿದ್ದಳು. ಶ್ರಾವಣದ ಸೋಮವಾರಗಳಲ್ಲಿ ನಮ್ಮ ಓಣಿಯ ಹೆಂಗಸರು ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತೇವೆ. ಪ್ಲೇಯರ್ ಬಂದ ವಾರ ನಮ್ಮ ಮನೆಯ ಸರದಿ ಇತ್ತು. ಮಠದಿಂದ ದೊಡ್ಡ ಜಮಖಾನೆಗಳನ್ನು ತಂದು ಪಡಸಾಲೆಗೆಲ್ಲ ಹಾಸಿದೆ. ಕೂರುವ ಜನ ಬರುವಾಗ ನೆಲ ಬರಿದಾಗಿ ಬಿಡುವುದು ನಮ್ಮಲ್ಲಿ ಮರ್ಯಾದೆ ಅಲ್ಲ. ಅಷ್ಟಕ್ಕೆ ನಮ್ಮ ಮನೆಯವರೂ ಬಾಯಿ ಬಿಡುವುದಿಲ್ಲ. ಪಡಸಾಲೆ ತುಂಬ ಹೆಂಗಸರು, ಅವರ ಮಡಿಲ ತುಂಬ ಮಕ್ಕಳು. ಭಜನೆ ಮುಗಿದ ಮೇಲೆ ಹೊಸ ಪ್ಲೇಯರಿಗೆ ಅಕ್ಕನ ಸಿಡಿ ಹಾಕಿದೆ.

ಅಯ್ಯ ಶಿವನೇ! ಅಕ್ಕ ಸ್ಪೀಕರಿನಿಂದ ಇಳಿದು ಬಂದು ನಮ್ಮ ನಡುವೆ ಕೂತ ಹಾಗಾಯಿತು. ಒಂದೊಂದು ಮಾತೂ ಬಿಡಿ ಬಿಡಿ. ಹೆಂಗಸರು ಸುಮ್ಮನಿರುತ್ತಾರೆಯೇ? ಚಪ್ಪಾಳೆ ಹಾಕಿದರು, ಗೊತ್ತಿದ್ದ ಕಡೆ ತಾವೂ ದನಿ ಸೇರಿಸಿದರು. “ಎಂಥ ಮಷಿನ್ ತಂದೀರಿ ಬಾಯಿ, ಭಾಳ ಛಂದ ಅದ,” ಅಂತ ಹೋಗುವಾಗ ಒಬ್ಬೊಬ್ಬರೂ ಅದರ ಕಪ್ಪು ಮೈ ಮುಟ್ಟಿ ಹೋದರು. ನಾನು ಗೆದ್ದೆ ಅಂದುಕೊಂಡೆ. ಮಾರನೆಯ ದಿನ ಜಮಖಾನೆ ಮಡಚಿ ಮಠಕ್ಕೆ ಮುಟ್ಟಿಸಿ, ಅದೇ ಕಾಲಿನಲ್ಲಿ ಸೇಡಂ ಬಸ್ಸು ಹತ್ತಿ ಆಡಕಿಗೆ ಹೋದೆ. ತಮ್ಮನ ಹೆಂಡತಿ “ಇನ್ನೊಂದ ನಾಕ ದಿನ ಇರ್ಲಿ ಬಿಡ್ರಿ ಅತ್ತಿಯವ್ರು,” ಅಂದಳು. ನಾನು ಕೇಳಲಿಲ್ಲ. ಹಬ್ಬದ ಉಂಡಿ ಬಾಯಲ್ಲಿರುವಾಗಲೇ ಅವ್ವನನ್ನು ಎಬ್ಬಿಸಿಕೊಂಡು ಬಂದೆ.

ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ಹಾಡು ಹಚ್ಚಿದೆ. ಅವ್ವ ತಲೆ ಒಂದು ಕಡೆ ವಾಲಿಸಿ ಕೇಳಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಆದರೆ ನನ್ನ ಕಿವಿಗೇ ಮೊದಲು ಗೊತ್ತಾಯಿತು. ಅದೇ ಬಾವಿ. ಅದೇ ಒದರಾಟ.

“ಇದೂ ಅಲ್ಲ ತಾಯಿ,” ಅಂದಳು ಅವ್ವ. ಈ ಸಲ ಅವಳು ಮುಖ ಸಿಂಡರಿಸಲಿಲ್ಲ. “ನನಗ ಅಕಿ ದನಿ ಮರ್ತು ಹೋಗ್ಲಿಕತ್ತದ ಏನೋ. ಮೊದಲ ಕಣ್ಣ ಮುಚ್ಚಿದ್ರ ಕಿವ್ಯಾಗ ಬರ್ತಿತ್ತು. ಇದನ್ನ ಹಚ್ಚಿ ಹಚ್ಚಿ ಇದ್ದದ್ದೂ ಅಳಿಸಬ್ಯಾಡ.”

ಆ ಮಾತು ಎದೆಗೆ ನಾಟಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತು ಮುಖ ತೊಳೆದು ಹೊರಗೆ ಬರುವಾಗ ಹಟ ಇಮ್ಮಡಿಯಾಗಿತ್ತು. ಸೋಮವಾರ ಕೇಳಿದ್ದು ನನ್ನ ಭ್ರಮೆಯಲ್ಲ, ಓಣಿಯೇ ಸಾಕ್ಷಿ ಇದೆ. ಹಾಗಾದರೆ ಮಂಗಳವಾರ ಈ ಮಷಿನ್ನಿಗೆ ಏನು ಬಡಿಯಿತು?

ಮೊದಲು ವೈರಿನ ಮೇಲೆ ಗುಮಾನಿ ಬಂತು. ದಪ್ಪ ವೈರು ತರಿಸಿದೆ. ಆಮೇಲೆ ಕರೆಂಟಿನ ಮೇಲೆ. ಸ್ಟೆಬಿಲೈಜರ್ ಇಟ್ಟೆ. ಸೀರೆಯ ಸೆರಗಿನಿಂದ ತಟ್ಟೆ ಒರೆಸಿದೆ, ಊದಿದೆ, ಊದುಬತ್ತಿ ಬೆಳಗುವುದೊಂದು ಬಾಕಿ ಇತ್ತು. ಒಂದು ಭಾನುವಾರ ನಮ್ಮ ಮನೆಯವರಿಗೆ ಹೇಳಿದೆ: ಹಳೆಯ ಪ್ಲೇಯರ್, ಹೊಸ ಪ್ಲೇಯರ್ ಎರಡನ್ನೂ ಜೋಡಿಸಿರಿ, ನಾನು ಗೋಡೆ ಕಡೆ ಮುಖ ಮಾಡಿ ಕೂರುತ್ತೇನೆ, ಯಾವುದು ಹಚ್ಚಿದ್ದೀರಿ ಅಂತ ನೀವು ಹೇಳಬೇಡಿ, ನಾನು ಹೇಳುತ್ತೇನೆ. ಅಕ್ಕನ ಸಿಡಿ ಬೇಡ ಅಂತ ಬೇರೆ ಹಾಡಿನ ತಟ್ಟೆ ತೆಗೆದುಕೊಂಡೆವು.

“ಇದು ಹೊಸಾದು,” ಅಂದೆ ಖಾತ್ರಿಯಿಂದ.

“ಹಳೇದು,” ಅಂದರು.

“ಹಾಂ, ಇದು ನೋಡ್ರಿ ಹೊಸಾದು. ಎಷ್ಟ ಸ್ವಚ್ಛ ಅದ.”

“ಅದೂ ಹಳೇದೇ. ನಾ ಬದಲೇ ಮಾಡಿಲ್ಲ.”

ತಿರುಗಿ ನೋಡಿದರೆ ಮೀಸೆಯೊಳಗೆ ನಗುತ್ತಿದ್ದರು. ಸಿಟ್ಟಿನಲ್ಲಿ ಮತ್ತೆ ಮತ್ತೆ ಹಚ್ಚಿಸಿದೆ. ಸರಿ ಹೇಳಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಕೋರ್ಟಿನ ಕಿವಿಯ ಮಾನ ಅವತ್ತು ಹೋಯಿತು. ಸುಳ್ಳು ಯಾಕೆ ಹೇಳಲಿ, ಹೊಸದರಲ್ಲಿ ಒಂದು ಗುಣವಿತ್ತು: ತಟ್ಟೆಯ ಮೇಲೆ ಗೀರು ಇದ್ದ ಕಡೆ ಹಳೆಯದು ತೊದಲುತ್ತಿತ್ತು, ಹೊಸದು ದಾಟಿಕೊಂಡು ಹೋಗುತ್ತಿತ್ತು. ಅಷ್ಟೇ. ಆ ಬಾವಿಯಂಥ ಗುಂಯ್‌ಗುಡುವಿಕೆ ಮಾತ್ರ ಎರಡರಲ್ಲೂ ಒಂದೇ.

“ಬಿಡು ಇನ್ನ,” ಅಂದರು ಅವರು. ದನಿಯಲ್ಲಿ ಚೇಷ್ಟೆ ಇರಲಿಲ್ಲ. “ನಮ್ಮ ನಸೀಬೇ ಹಂಗ ಅದನೋ ಏನೋ. ಹೋದವರು ಹೋದರು.”

“ಹೋದವರು ಹೋದರು ಅಂತ ನಿಮ್ಮ ಅತ್ತಿ ಮುಂದ ಹೇಳ್ರಿ ನೋಡೂಣು,” ಅಂದೆ. ಅವರು ಹಳೆಯ ಪ್ಲೇಯರಿನ ವೈರು ಬಿಚ್ಚತೊಡಗಿದರು.

ನವರಾತ್ರಿ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯಬೇಕು. ಕಾಗಿಣಾ ಹೊಳೆಗೆ ಒಯ್ದು ಕೌದಿಗಳನ್ನು ಬಡಿದು ತಂದು ಮಾಳಿಗೆಯ ಮೇಲೆ ಹರವಿದೆವು. ಹಳೆ ಸೀರೆ, ಧೋತರ ಪದರ ಪದರ ಸೇರಿಸಿ ಹೊಲಿದ ಕೌದಿ, ಒಂದೊಂದೂ ಒಂದು ಎಮ್ಮೆ ಕರುವಿನಷ್ಟು ಭಾರ. ಇನ್ನೇನು ಒಣಗಿದವು ಅನ್ನುವಷ್ಟರಲ್ಲಿ ಸಂಜೆಯ ಮುಂದೆ ಎಲ್ಲಿತ್ತೋ ಮೋಡ, ದಡಬಡ ಹನಿ ಸುರು. ನಾನು, ಅವ್ವ, ಬಾಜೂಮನೆಯ ವೈನಿ ಸೇರಿ ಕೌದಿಗಳನ್ನು ಎಳೆದು ತಂದು ಪಡಸಾಲೆಯಲ್ಲಿ ಹಾಕಿದೆವು. ನೆಲದ ಮೇಲೆ, ಕಟ್ಟೆಯ ಮೇಲೆ, ಬಾಗಿಲ ಮೇಲೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ. ಕಾಲಿಡಲು ಜಾಗವಿಲ್ಲ. ಆಗ ಸರಿಯಾಗಿ ನಮ್ಮ ಮನೆಯವರು ಶಹಾಬಾದಿನಿಂದ ಬಂದು, ಕೆಸರಿನ ಚಪ್ಪಲಿ ಕಾಲಿನಲ್ಲೇ ಕೌದಿಯ ಮೇಲೆ ಕಾಲಿಟ್ಟರು.

ನಾನು ಬೈದೆ. ಹೊಟ್ಟೆಯಿಂದ ಎತ್ತಿ ಬೈದೆ.

ಅವರು ಚಪ್ಪಲಿ ಬಿಟ್ಟು, ನಿಂತು, ನನ್ನ ಮುಖ ನೋಡಿ, “ಯಾಕ, ಆರಾಮ ಇಲ್ಲೇನು?” ಅಂದರು. “ಬೈಗಳ ಇವತ್ತ ಮೆತ್ತಗ ಬಂದಾವ. ದಿನಾ ನೀ ಬೈದ್ರ ನಾಕೂ ಗ್ವಾಡಿ ಬೈತಿದ್ವು.”

ವೈನಿ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ನನಗೂ ಹಾಗೇ ಅನಿಸಿತ್ತು. ಬಾಯಿಂದ ಹೊರಟ ದನಿ ಎಲ್ಲಿಗೂ ತಾಗದೆ ಅಲ್ಲಿಗೇ ಮುಗಿದಿತ್ತು. ಒಮ್ಮೆ ಚಪ್ಪಾಳೆ ತಟ್ಟಿದೆ. ಟಪ್ ಅಂತ ಸುಮ್ಮನಾಯಿತು. ಅಡುಗೆಮನೆಯ ಬರಿ ನೆಲಕ್ಕೆ ಹೋಗಿ ತಟ್ಟಿದೆ. ಅಲ್ಲಿ ಠಣ್ಣನೆ ಮೊಳಗಿತು. ಮತ್ತೆ ಪಡಸಾಲೆಗೆ ಬಂದು ತಟ್ಟಿದೆ. ಅವ್ವ, “ಈಕಿಗಿ ಮಳಿ ನೀರು ತಲಿಗೇರ್ಯದ,” ಅಂದಳು.

ಸೋಮವಾರ! ಸೋಮವಾರ ಜಮಖಾನೆ ಹಾಸಿತ್ತು. ಮೇಲೆ ಅಷ್ಟು ಜನ, ಅಷ್ಟು ಸೀರೆ, ಅಷ್ಟು ಮಕ್ಕಳು. ಮಂಗಳವಾರ ನಾನೇ ನನ್ನ ಕೈಯಾರೆ ಜಮಖಾನೆ ಮಡಚಿ ಮಠಕ್ಕೆ ಒಯ್ದಿದ್ದೆ. ಸೇಡಂನ ಸ್ಟುಡಿಯೋದಲ್ಲಿ ಗೋಡೆಗೆಲ್ಲ ಯಾಕೆ ಸ್ಪಂಜು ಬಡಿದಿದ್ದರು ಅಂತ ಈಗ ತಲೆಗೆ ಹೋಯಿತು. ಅಕ್ಕನ ದನಿ ತಟ್ಟೆಯಲ್ಲಿ ನೆಟ್ಟಗೇ ಇತ್ತು. ಅದು ಸ್ಪೀಕರಿನಿಂದ ಹೊರಬಿದ್ದ ಕ್ಷಣ ನಮ್ಮ ಪರ್ಸಿ ಅದನ್ನು ನೆಲದಿಂದ ಗೋಡೆಗೆ, ಗೋಡೆಯಿಂದ ಮಾಳಿಗೆಗೆ ಚೆಂಡಾಡುತ್ತಿತ್ತು. ನಾನು ವಾಡಿಯಿಂದ ರುಬ್ಬುವ ಕಲ್ಲಿನಂಥ ಮಷಿನ್ ಹೊತ್ತು ತಂದಿದ್ದೆ, ಕಾಲಡಿಯ ಕಲ್ಲನ್ನು ನೋಡಿರಲಿಲ್ಲ.

“ತಪ್ಪು ನಿಮ್ಮ ನೆಲದ್ದು,” ಅಂದೆ ಮನೆಯವರಿಗೆ.

“ಕುಣೀಲಾರದಾಕಿ ನೆಲ ಡೊಂಕ ಅಂದಳಂತ,” ಅಂದರು ಅವರು.

“ಡೊಂಕಿಲ್ಲ, ಭಾಳ ನೆಟ್ಟಗದ. ಅದೇ ತ್ರಾಸ. ಮುಚ್ಚೂದೇ ಇದನ್ನ.”

ಅವರ ಮುಖ ನೋಡಬೇಕಿತ್ತು. ಶಹಾಬಾದಿನ ದೊಡ್ಡ ದೊಡ್ಡ ಗಿರಾಕಿಗಳನ್ನು ಕರೆತಂದು ತೋರಿಸಿದ ನೆಲ ಅದು. ದಿನಾ ಬೆಳಿಗ್ಗೆ ಕಿಟಕಿಯ ಬೆಳಕು ಅದರಲ್ಲಿ ಬಿದ್ದಾಗ ಚಹಾದ ಕಪ್ಪು ಹಿಡಿದು ಸುಮ್ಮನೆ ನೋಡುತ್ತ ಕೂರುವವರು. “ಮನಿ ಅಂದ್ರ ಡೇರೆ ಮಾಡ್ತಿ ಏನು? ಬಂದವರು ಏನಂದಾರು?” ಅಂತ ಎರಡು ದಿನ ಮಾತು ಬಿಟ್ಟರು. ನಾನೂ ಬಿಟ್ಟೆ. ಅಡುಗೆಗೆ ಮಾತ್ರ ಉಪ್ಪು ಸರಿಯಾಗಿ ಹಾಕಿದೆ, ಅದರಲ್ಲಿ ಸೇಡು ತೀರಿಸುವವಳಲ್ಲ ನಾನು. ಮೂರನೆಯ ದಿನ ಅವ್ವನೇ ಅಳಿಯನನ್ನು ಕೇಳಿದಳಂತೆ, “ನಿಮಗ ನೆನಪದ ಏನ್ರಿ, ಅಕಿ ದನಿ ಹ್ಯಾಂಗಿತ್ತು?” ಅಂತ. ನಮ್ಮ ಜಗಳ ಬಿಡಿಸಲು ಅಂತ ಅವ್ವ ಕೇಳಿದ್ದಲ್ಲ. ಬರಿ ಕೇಳಿದ್ದಳು. ಅವರು ಮೊಳೆ, ಸುತ್ತಿಗೆ ಹುಡುಕಿಕೊಂಡು ಬಂದರು.

ಅವತ್ತೆಲ್ಲ ನಾವಿಬ್ಬರೂ ಪಡಸಾಲೆಯ ಕೆಲಸಕ್ಕೆ ಬಿದ್ದೆವು. ನೆಲಕ್ಕೆ ಒಂದರ ಮೇಲೊಂದು ಕೌದಿ. ಸ್ಪೀಕರಿನ ಎದುರು ಗೋಡೆಗೆ ಪಟ್ಟಿ ಹೊಡೆದು ಎರಡು ದೊಡ್ಡ ಕೌದಿ ಇಳಿಬಿಟ್ಟೆವು. ಮೂಲೆಯ ಕಲ್ಲಿನ ಹಲಗೆಯ ಮೇಲೆ ಜೇಡರ ಬಲೆ ಕಟ್ಟಿಕೊಂಡು ಕೂತಿದ್ದ ಸ್ಪೀಕರುಗಳನ್ನು ಇಳಿಸಿ, ಗೋಡೆಯಿಂದ ದೂರಕ್ಕೆ, ಮರದ ಸ್ಟೂಲಿನ ಮೇಲೆ, ನೆಲದಲ್ಲಿ ಕೂತವರ ಕಿವಿಯ ಎತ್ತರಕ್ಕೆ ಇಟ್ಟೆವು. ಅವರೇ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ಸರಿಸಿ, ಚಪ್ಪಾಳೆ ತಟ್ಟಿ ನೋಡಿ, ಮತ್ತೆ ಸರಿಸಿದರು. ಕಲ್ಲಿನ ಮಟ್ಟ ನೋಡುವಾಗ ಹೇಗೆ ಒಂದು ಕಣ್ಣು ಮುಚ್ಚುತ್ತಾರೋ ಹಾಗೇ ಮುಚ್ಚಿಕೊಂಡು ಕೇಳುತ್ತಿದ್ದರು. ಬೇರೆ ತಟ್ಟೆ ಹಚ್ಚಿ ನೋಡಿದೆವು. ಹಾಡಿದವರ ಒಂದೊಂದು ಅಕ್ಷರ ಬಂದು ಮುಂದೆ ನಿಂತಿತು.

“ಅಕ್ಕಂದು ಹಚ್ಚಿ ನೋಡೂಣೇನು?” ಅಂದರು.

“ಬ್ಯಾಡ. ಮೊದಲ ಅವ್ವ ಕೇಳ್ಲಿ,” ಅಂದೆ. ಒಮ್ಮೆ ಗೆದ್ದೆ ಅಂದುಕೊಂಡು ಆಡಕಿಯಿಂದ ಎಳೆದು ತಂದದ್ದು ಸಾಕಾಗಿತ್ತು. ಈ ಸಲ ತೀರ್ಪು ಅವಳದೇ.

ಅವ್ವ ಒಲ್ಲೆ ಅಂದಳು. ಕೈ ಹಿಡಿದು ಕರೆತಂದೆ. “ಇದೊಂದ ಸಲ ಕೇಳು. ಅಲ್ಲ ಅಂದ್ರ ನಾ ತಟ್ಟಿ ಎತ್ತಿಡ್ತೀನಿ, ಎಂದೂ ಹಚ್ಚಂಗಿಲ್ಲ,” ಅಂದೆ. ಅವ್ವ ಕೌದಿಯ ಮೇಲೆ ಕೂತು ಮೊಣಕಾಲಿಗೆ ಕೈ ಸುತ್ತಿಕೊಂಡಳು. ಗುಂಡಿ ಒತ್ತಿದೆ.

ಮೊದಲು ತಂಬೂರಿ. ಆಮೇಲೆ ಅಕ್ಕ.

ಅವ್ವ ಅಲ್ಲಾಡಲಿಲ್ಲ. ಮೊದಲ ವಚನ ಮುಗಿಯಿತು. ಅವ್ವನ ತುಟಿ ಸಣ್ಣಗೆ ಬಿಚ್ಚಿತು. “ಅಕಿನೇ,” ಅಂದಳು. ಅಷ್ಟೇ ಅಂದಳು. ನನಗೆ ಎದ್ದು ಕುಣಿಯಬೇಕು ಅನಿಸಿತು. ಮನೆಯವರ ಕಡೆ ನೋಡಿದರೆ ಅವರು ಕೌದಿಯ ಹೊಲಿಗೆ ಎಣಿಸುವವರ ಹಾಗೆ ತಲೆ ತಗ್ಗಿಸಿದ್ದರು.

ಎರಡನೆಯದು ಉದ್ದನೆಯ ಹಾಡು. ಅದರ ನಡುವೆ ನನಗೆ ಬೇರೆ ಏನೋ ಕೇಳಿಸಿತು. ಒಂದು ಸಾಲು ಮುಗಿದ ಕೂಡಲೇ ಸಣ್ಣ ಸದ್ದು, ಒಳಗೆ ಎಳೆದುಕೊಂಡ ಹಾಗೆ. ಮುಂದಿನ ಸಾಲಿನಲ್ಲಿ ಅರ್ಧಕ್ಕೇ ಮತ್ತೆ. ಆಮೇಲೆ ಒಂದು ಪದದ ನಡುವೆಯೇ. ಉಸಿರು. ಅಕ್ಕನ ಉಸಿರು. ಇಷ್ಟು ದಿನ ಕಲ್ಲು ಅದನ್ನು ಮುಚ್ಚಿತ್ತು, ಸೋಮವಾರ ಚಪ್ಪಾಳೆ ಮುಚ್ಚಿತ್ತು, ಸೇಡಂನಲ್ಲಿ ಗಾಜು ಮುಚ್ಚಿತ್ತು. ಆಗಲೇ ಅವಳ ಎದೆಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ಹಾಡಿದ್ದಾಳೆ, ಒಂದು ಸ್ವರವೂ ಬೀಳದ ಹಾಗೆ, ಸಿಕ್ಕಷ್ಟು ಉಸಿರನ್ನು ಅಲ್ಲಲ್ಲೇ ಕದ್ದು.

ಅವ್ವ ಕೈ ಎತ್ತಿದಳು.

“ನಿಂದ್ರಸು,” ಅಂದಳು. “ದಮ್ಮ ಹತ್ತಲಿಕತ್ತದ ಅಕಿಗಿ. ಜರಾ ತಡಿ. ಉಸರ ತೊಗೊಳ್ಳಲಿ.”

ನಿಲ್ಲಿಸಿದೆ. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಅವ್ವ ಅಳಲಿಲ್ಲ. ಸ್ಪೀಕರಿನ ಕಡೆ ನೋಡುತ್ತ, ಸಣ್ಣ ಮಕ್ಕಳಿಗೆ ಕೆಮ್ಮು ಬಂದಾಗ ಬೆನ್ನು ಸವರುವ ಹಾಗೆ, ಪಕ್ಕದ ಕೌದಿಯನ್ನು ಮೆಲ್ಲಗೆ ಸವರುತ್ತಿದ್ದಳು. ನಾವು ಮೂವರೂ ಕಾದೆವು.

“ಹೂಂ,” ಅಂದಳು ಆಮೇಲೆ. “ಈಗ ಹಾಡಂತ ಹೇಳು ಅಕಿಗಿ.”

ಸೆರಗಿನಿಂದ ಮುಖ ಒರೆಸಿಕೊಂಡೆ. ಗುಂಡಿ ಒತ್ತಿದೆ.